ಫಲಕಕ್ಕೆ ಕಪ್ಪು ಬಳಿದವಳು ನಾನು, ಯಲ್ಲೇಶನಲ್ಲ

ವ್ಯಸನಮುಕ್ತಿ ಕಾರ್ಯಕ್ರಮದ ಅಧಿಕಾರಿಗಳಾದ ಮಾನ್ಯರೇ,

ಚಿತ್ತವಾಡ್ಗಿಯ ಸಭಾಭವನದ ಗೋಡೆಗೆ ನೀವು ಹಾಕಿಸಿದ್ದ ಫಲಕಕ್ಕೆ ಕಪ್ಪು ಬಣ್ಣ ಬಳಿದವಳು ನಾನು. ಆಟೋ ಓಡಿಸುವ ಯಲ್ಲೇಶ ಅಲ್ಲ. ಭಾನುವಾರ ಬೆಳಿಗ್ಗೆ, ಜನ ಹಾಲು ತರಕಾರಿಗೆ ಓಡಾಡುವ ಹೊತ್ತಿನಲ್ಲಿ, ಎದುರಿನ ಕಿರಾಣಿ ಅಂಗಡಿಯಿಂದ ಸ್ಟೂಲು ಕೇಳಿ ತಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಳಿದೆ. ಬಣ್ಣ ಆರುವವರೆಗೆ ನೆರಳಿನಲ್ಲಿ ಕಾದು ನಿಂತು, ಆಮೇಲೆ ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ಇಲ್ಲಿ ಯಾವ ಸಭೆಯೂ ನಡೆಯುವುದಿಲ್ಲ’ ಎಂದು ಬರೆದೆ. ಸ್ಟೂಲು ವಾಪಸು ಕೊಟ್ಟು, ಅಂಗಡಿಯವರು ಕೊಟ್ಟ ನೀರು ಕುಡಿದು, ಕಂಪ್ಲಿ ಬಸ್ಸು ಹತ್ತಿದೆ.

ಮರುದಿನ ನೀವು ಪತ್ರಿಕೆಯವರಿಗೆ ಹೇಳಿದಿರಿ: ‘ಇದು ಕುಡಿದ ಮತ್ತಿನಲ್ಲಿ ಎಸಗಿದ ಕೃತ್ಯ.’ ನಾನು ಬಹಳ ವರ್ಷಗಳಿಂದ ಕಂಪ್ಲಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆ. ನಾನು ಬರೆದ ಸಾಲಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತೇ? ಒಂದು ಗೆರೆ ಸೊಟ್ಟಗಿತ್ತೇ? ನಿಮ್ಮ ಮೂಲ ಫಲಕದಲ್ಲಿ ‘ವ್ಯಸನ’ ಎನ್ನುವುದು ‘ವೆಸನ’ ಎಂದಿತ್ತು, ನಿಮ್ಮ ನಗುವ ಭಾವಚಿತ್ರದ ಪಕ್ಕದಲ್ಲೇ. ಇಬ್ಬರಲ್ಲಿ ಮತ್ತಿನಲ್ಲಿ ಬರೆದವರು ಯಾರು ಎಂದು ಓದುಗರೇ ಹೇಳಲಿ.

ಸ್ಟೂಲು ಕೊಟ್ಟ ಅಂಗಡಿಯವರನ್ನು ಒಂದು ಮಾತು ಕೇಳಿದ್ದರೆ ಸತ್ಯ ಗೊತ್ತಾಗುತ್ತಿತ್ತು. ಯಾರೂ ಕೇಳಲಿಲ್ಲ. ಕೇಳುವ ಅಗತ್ಯ ನಿಮಗಿರಲಿಲ್ಲ, ಏಕೆಂದರೆ ನಿಮಗೆ ಬೇಕಾದ ಹೆಸರು ಮೊದಲೇ ನಿಮ್ಮ ನಾಲಿಗೆಯ ಮೇಲಿತ್ತು. ಯಲ್ಲೇಶ ಒಂದು ಕಾಲದಲ್ಲಿ ಕುಡಿಯುತ್ತಿದ್ದ. ನಿಮ್ಮ ಕಚೇರಿಯಲ್ಲಿ ನಿಮ್ಮೊಂದಿಗೆ ವಾದ ಮಾಡಿದ್ದ. ಇಷ್ಟು ಸಾಕಾಯಿತು. ಸುದ್ದಿ ಓದಿದ ಕೂಡಲೇ ನಾನು ಠಾಣೆಗೆ ಹೋಗಿ ಬಳಿದವಳು ನಾನೇ ಎಂದೆ. ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ನೀವು ಟೀಚರ್ ಅದೀರಿ ಮೇಡಂ, ನಿಮಗ್ಯಾಕ ಬೇಕ್ರಿ ಈ ಉಸಾಬರಿ, ಮನಿಗೆ ನಡೀರಿ’ ಎಂದು ಕಳಿಸಿಬಿಟ್ಟರು. ನನ್ನ ಹೇಳಿಕೆಯನ್ನು ಬರೆದುಕೊಳ್ಳಲೂ ಇಲ್ಲ. ಹಾಗಾಗಿ ಇಲ್ಲಿ, ಎಲ್ಲರೂ ಓದುವ ಜಾಗದಲ್ಲಿ ಹೇಳುತ್ತಿದ್ದೇನೆ.

ಈ ಪತ್ರದಲ್ಲಿ ನನ್ನ ತಮ್ಮ ಮನೋಹರನ ಹೆಸರು ಬರುತ್ತದೆ, ಯಲ್ಲೇಶನ ಹೆಸರು ಬರುತ್ತದೆ. ತಮ್ಮ ಹೆಸರು ಬರೆಯಲು ಇಬ್ಬರೂ ಒಪ್ಪಿದ್ದಾರೆ. ಇನ್ನೊಬ್ಬ ಹೆಣ್ಣುಮಗಳನ್ನು ಪಕೀರಮ್ಮ ಎಂದು ಕರೆಯುತ್ತೇನೆ, ಅದು ಅವರ ನಿಜವಾದ ಹೆಸರಲ್ಲ. ಹೆಸರನ್ನು ಯಾಕೆ ಕಾಪಾಡಬೇಕು ಎನ್ನುವುದು ನಿಮಗೆ ಎಂದೂ ಅರ್ಥವಾಗಲಿಲ್ಲ. ಅದಕ್ಕೂ ಬರುತ್ತೇನೆ.

ಮನೋಹರ್ ಕಂಪ್ಲಿಯಲ್ಲಿ ನಮ್ಮ ತಂದೆಯ ಕಾಲದ ಅಕ್ಕಿ ಮಿಲ್ಲು ನಡೆಸುತ್ತಾನೆ. ಚಿಕ್ಕಂದಿನಿಂದ ಮಾತುಗಾರ, ಯಾರ ದನಿಯನ್ನಾದರೂ ಅನುಕರಿಸಿ ಮದುವೆ ಮನೆಯನ್ನೆಲ್ಲ ನಗಿಸುತ್ತಿದ್ದವನು. ಕುಡಿತ ಮೊದಲು ಗೆಳೆಯರ ಜೊತೆ ಶುರುವಾಯಿತು, ಆಮೇಲೆ ಗೆಳೆಯರು ಬೇಕಾಗಲಿಲ್ಲ. ಅವನ ಹೆಂಡತಿ ಸೌಜನ್ಯ ಜಗಳವಾಡುವುದನ್ನೇ ಬಿಟ್ಟಾಗ ನನಗೆ ನಿಜವಾದ ಭಯ ಹುಟ್ಟಿತು. ಬೈಯುವವರೆಗೂ ಮನೆಯವರಿಗೆ ಆಸೆ ಇರುತ್ತದೆ.

ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಿದ್ದಾಗ ಅವನು ನನ್ನ ಮನೆಯ ಬಾಗಿಲಲ್ಲಿ ಬಂದು ನಿಂತ. ಚಪ್ಪಲಿ ಇರಲಿಲ್ಲ.

‘ಅಕ್ಕ, ನನ್ನ ಕೈಲಿ ಆಗವಲ್ದು. ಬಿಡಬೇಕಂತೀನಿ, ಬಿಡಾಕ ಆಗವಲ್ದು. ಎಲ್ಲಿಗಾದ್ರೂ ಕರ್ಕೊಂಡು ಹೋಗು.’

ಮಾನ್ಯರೇ, ವರ್ಷಗಟ್ಟಲೆ ಕುಡಿದ ಮನುಷ್ಯನ ಬಾಯಿಂದ ಈ ಮಾತು ಎಷ್ಟು ಅಪರೂಪಕ್ಕೆ ಬರುತ್ತದೆ ಎಂಬುದು ನಿಮಗೆ ಗೊತ್ತೇ? ಗೊತ್ತಿರಬೇಕು, ಅದೇ ನಿಮ್ಮ ಹುದ್ದೆ. ಕೆಲವರ ಮನೆಯಲ್ಲಿ ಅದು ಬರುವುದೇ ಇಲ್ಲ, ಅದಕ್ಕಿಂತ ಮೊದಲು ಹೆಣ ಬರುತ್ತದೆ. ನಮ್ಮ ಮನೆಯಲ್ಲಿ ಬಂತು. ಅಂದೇ ಶಾಲೆಗೆ ರಜೆ ಹಾಕಿ ಅವನನ್ನು ಹೊಸಪೇಟೆಯ ಒಬ್ಬ ವೈದ್ಯರ ಬಳಿ ಸೇರಿಸಿದೆ. ನಡುಕ, ಬೆವರು, ಗೋಡೆಯ ಮೇಲೆ ಇಲ್ಲದ ಇರುವೆ ಕಾಣುವುದು, ಎಲ್ಲವನ್ನೂ ದಾಟಿ ಅವನು ಎದ್ದು ಕುಳಿತ. ಬಿಡುಗಡೆಯ ದಿನ ವೈದ್ಯರು ಅವನ ಭುಜದ ಮೇಲೆ ಕೈಯಿಟ್ಟು, ‘ಮೈಯಾಗಿನ ವಿಷ ನಾನು ತೆಗೆದೀನಿ. ಇನ್ನ ಮ್ಯಾಲ ಔಷಧ ಅಂದ್ರ ಮಂದಿನ. ಕುಡಿಯೋದು ಬಿಟ್ಟೋರು ಒಂದು ಕಡೆ ಕೂಡತಾರ, ತಮ್ಮ ಕತಿ ತಾವು ಹೇಳ್ಕಂತಾರ. ವಾರ ವಾರ ಹೋಗಿ ಅವರ ಜತಿ ಕುಂದ್ರು. ಒಬ್ಬನ ಇರಬ್ಯಾಡ’ ಎಂದರು.

ಹೊರಗೆ ಬಂದರೆ ರಸ್ತೆಬದಿಯಲ್ಲಿ ನಿಮ್ಮದೇ ಇನ್ನೊಂದು ಫಲಕ. ‘ಮದ್ಯಮುಕ್ತರ ಆಪ್ತ ಸಭೆ, ಪ್ರತಿ ಭಾನುವಾರ ಬೆಳಿಗ್ಗೆ, ಸಭಾಭವನ, ಚಿತ್ತವಾಡ್ಗಿ. ಎಲ್ಲರಿಗೂ ಸ್ವಾಗತ.’ ಮನೋಹರ್ ಅದನ್ನು ಜೋರಾಗಿ ಓದಿದ. ‘ಅಕ್ಕ, ನೋಡು, ಸರ್ಕಾರದವ್ರ ಮಾಡ್ಯಾರ. ಭಾನುವಾರ ಹೋಗೂಣು’ ಎಂದ. ಅವನ ಮುಖದಲ್ಲಿ ಬಹಳ ದಿನದ ಮೇಲೆ ಏನೋ ಒಂದು ಬೆಳಕು. ಆ ಬೆಳಕನ್ನು ನೀವು ಹೇಗೆ ಆರಿಸಿದಿರಿ ಎನ್ನುವುದನ್ನು ಈಗ ಹೇಳುತ್ತೇನೆ.

ಭಾನುವಾರ ಅವನು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಬಸ್ಸಿನಲ್ಲಿ ಕಮಲಾಪುರ ದಾಟುವವರೆಗೂ ಏನು ಮಾತಾಡಬೇಕು ಎಂದು ಅಭ್ಯಾಸ ಮಾಡುತ್ತಿದ್ದ. ‘ಮೊದಲು ಹೆಸರು ಹೇಳಬೇಕಂತೇನು ಅಕ್ಕ? ಕಂಪ್ಲಿ ಅಂತ ಹೇಳೂದು ಬ್ಯಾಡಲ್ಲ?’ ಚಿತ್ತವಾಡ್ಗಿಯ ಸಭಾಭವನಕ್ಕೆ ಬಂದಾಗ ಬಾಗಿಲಲ್ಲಿ ಬಾಳೆಕಂಬ, ಒಳಗೆ ಧ್ವನಿವರ್ಧಕ. ಯಾರದೋ ನಿಶ್ಚಿತಾರ್ಥ. ಬಾಗಿಲಲ್ಲಿದ್ದ ಹಿರಿಯರೊಬ್ಬರು ಕೈಮುಗಿದು, ‘ಬರ್ರಿ ಬರ್ರಿ, ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?’ ಎಂದು ಕೇಳಿದರು. ಮನೋಹರ್ ಮೆಲ್ಲಗೆ, ‘ಇಲ್ಲಿ ಒಂದು ಸಭೆ ಐತಂತಲ್ರಿ, ಭಾನುವಾರ’ ಎಂದ.

ಅವರಿಗೆ ತಿಳಿಯಲಿಲ್ಲ. ಭವನ ನೋಡಿಕೊಳ್ಳುವವನನ್ನು ಕೂಗಿದರು. ಅವನು ಪೆಂಡಾಲಿನ ಆ ತುದಿಯಿಂದಲೇ ಕೂಗಿ ಹೇಳಿದ: ‘ಕುಡುಕರ ಮೀಟಿಂಗ್ ಏನ್ರಿ? ಅದು ಉದ್ಘಾಟನೆ ದಿನ ಒಮ್ಮಿ ಫೋಟೋ ಹೊಡದ್ರು, ಅಷ್ಟ! ಮತ್ತ ಯಾರೂ ಬಂದಿಲ್ಲ!’

ಇಡೀ ಪೆಂಡಾಲು ತಿರುಗಿತು. ಕುಂಕುಮದ ತಟ್ಟೆ ಹಿಡಿದಿದ್ದ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ನಮ್ಮ ಮಿಲ್ಲಿಗೆ ಭತ್ತ ಕಳಿಸುವ ಒಬ್ಬ ವ್ಯಾಪಾರಿ ಆ ಗುಂಪಿನಲ್ಲಿದ್ದರು, ನಮ್ಮನ್ನು ನೋಡಿ ಮುಖ ಬೇರೆ ಕಡೆ ಹೊರಳಿಸಿದರು. ಅದೇ ಅವರ ಸಜ್ಜನಿಕೆ. ಮನೋಹರ್ ಕೈಮುಗಿದು, ‘ತಪ್ಪಾತ್ರಿ’ ಎಂದು ಹೇಳಿ ಹೊರಗೆ ಬಂದ. ಮಾನ್ಯರೇ, ನನ್ನ ತಮ್ಮ ನಿಮ್ಮ ಮಾತನ್ನು ನಂಬಿದ್ದಕ್ಕೆ ಅಪರಿಚಿತರ ಕ್ಷಮೆ ಕೇಳಿದ.

ಸೋಮವಾರ ಫಲಕದಲ್ಲಿದ್ದ ಸಂಖ್ಯೆಗೆ ಕರೆ ಮಾಡಿದೆ. ನಿಮ್ಮ ಸಿಬ್ಬಂದಿ, ‘ಅದು ಸಂಡೂರಿಗೆ ಶಿಫ್ಟ್ ಆಗೈತ್ರಿ ಮೇಡಂ’ ಎಂದರು. ಯಾರಾದರೂ ಬರುತ್ತಾರೆಯೇ ಎಂದು ಕೇಳಿದೆ. ‘ಭಾಳ ಮಂದಿ ಬರ್ತಾರ್ರಿ’ ಎಂದರು. ಮುಂದಿನ ಭಾನುವಾರ ಅದಿರು ಲಾರಿಗಳ ಹಿಂದೆ ಕೆಂಪು ದೂಳು ನುಂಗುತ್ತಾ ಸಂಡೂರಿಗೆ ಹೋದೆವು. ಮನೋಹರ್ ಬರಲು ಹಿಂದೆಮುಂದೆ ನೋಡಿದ್ದ, ನಾನೇ ಒತ್ತಾಯಿಸಿದ್ದೆ. ಅಲ್ಲಿಯೂ ನಿಮ್ಮ ಫಲಕವಿತ್ತು, ಅದೇ ನಗುವಿನೊಂದಿಗೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಮುದುಕ ಕಿಟಕಿಯಿಂದ ಒಳಗೆ ತೋರಿಸಿದ. ನಿಮ್ಮ ಕಾರ್ಯಕ್ರಮಗಳ ಪ್ಲಾಸ್ಟಿಕ್ ಖುರ್ಚಿಗಳು ಸೂರಿನವರೆಗೆ ಪೇರಿಸಿದ್ದವು. ‘ಖುರ್ಚಿ ಭಾಳ ಅದಾವ್ರಿ, ಕುಂದ್ರೋ ಮಂದಿ ಇಲ್ಲ’ ಎಂದ ಆ ಮುದುಕ. ನಿಮ್ಮ ಕಾರ್ಯಕ್ರಮದ ಬಗ್ಗೆ ನಾನು ಓದಿದ ಎಲ್ಲ ಪ್ರಗತಿ ವರದಿಗಳಿಗಿಂತ ಅದು ನಿಖರವಾಗಿತ್ತು.

ಸಂಡೂರಿನ ಬಸ್ ನಿಲ್ದಾಣದಲ್ಲಿ ಮನೋಹರ್ ನನ್ನ ಪಕ್ಕ ಕುಳಿತಿದ್ದ. ‘ಅಕ್ಕ, ಬಿಟ್ಟೋರು ಅಂತ ಯಾರೂ ಇಲ್ಲ ಅನಸ್ತೈತಿ. ಬರೇ ಬೋರ್ಡಿನ್ಯಾಗ ಅದಾರ’ ಎಂದ. ನೀರಿನ ಬಾಟಲಿ ತರುತ್ತೇನೆ ಎಂದು ಎದ್ದು ಹೋದವನು ತಿರುಗಿ ಬರಲಿಲ್ಲ. ನಾನು ಹುಡುಕುವ ಹೊತ್ತಿಗೆ ತಡವಾಗಿತ್ತು. ಮದ್ಯದಂಗಡಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಾಗಲಿಲ್ಲ ನೋಡಿ. ಅದು ತನ್ನ ವಿಳಾಸದಲ್ಲೇ ಇತ್ತು, ಹೇಳಿದ ಹೊತ್ತಿಗೆ ಬಾಗಿಲು ತೆರೆದಿತ್ತು, ಒಳಗೆ ಕುಂದ್ರುವ ಮಂದಿಯೂ ಇದ್ದರು.

ಆ ವಾರವೆಲ್ಲ ಕುಡಿದ. ಕುಡಿದೇ ಮಿಲ್ಲಿಗೆ ಹೋಗಿ, ಜಾರಿದ ಬೆಲ್ಟನ್ನು ಯಂತ್ರ ನಿಲ್ಲಿಸದೆ ಸರಿಮಾಡಲು ಕೈ ಹಾಕಿದ. ಬಲಗೈಯ ಎರಡು ಬೆರಳು ಹೋದವು. ತುತ್ತು ಎತ್ತಲು ಈಗ ಮಗಳು ಕೊಟ್ಟ ಚಮಚ ಬಳಸುತ್ತಾನೆ. ನೀವು ಆ ಬೆಲ್ಟನ್ನು ಓಡಿಸಲಿಲ್ಲ, ಒಪ್ಪುತ್ತೇನೆ. ಅವನ ಬಾಯಿಗೆ ಬಾಟಲಿ ಇಡಲಿಲ್ಲ, ಅದನ್ನೂ ಒಪ್ಪುತ್ತೇನೆ. ಆದರೆ ಅವನು ಬದುಕಲು ನಿರ್ಧರಿಸಿ ಮನೆಯಿಂದ ಹೊರಟಿದ್ದ ಎರಡು ಭಾನುವಾರಗಳನ್ನು ನೀವು ತಿಂದಿರಿ. ನಿಮ್ಮ ಫಲಕ ಇಲ್ಲದಿದ್ದರೆ ನಾವು ನಾಲ್ಕು ಜನರನ್ನು ವಿಚಾರಿಸುತ್ತಿದ್ದೆವು, ಬೇರೆ ದಾರಿ ಹುಡುಕುತ್ತಿದ್ದೆವು. ಏನೂ ಮಾಡದ ಅಧಿಕಾರಿಯನ್ನು ನಾನು ಕ್ಷಮಿಸಬಲ್ಲೆ. ಮಾಡಿದ್ದೇನೆ ಎಂದು ಬರೆಸಿ ಗೋಡೆಗೆ ಹೊಡೆಸಿದವರನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಹೊಸಪೇಟೆಯ ಆಸ್ಪತ್ರೆಯಿಂದ ಅವನನ್ನು ಬಸ್ ನಿಲ್ದಾಣಕ್ಕೆ ಕರೆತಂದದ್ದು ಯಲ್ಲೇಶನ ಆಟೋ. ಕೈಯ ಪಟ್ಟಿ ನೋಡಿ ಯಲ್ಲೇಶ ವಿಚಾರಿಸಿದ. ನಾನು ಸಿಟ್ಟಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಯಲ್ಲೇಶ ಆಟೋ ಬದಿಗೆ ನಿಲ್ಲಿಸಿ ಹಿಂದೆ ತಿರುಗಿದ.

‘ಅಣ್ಣಾ, ನಾನೂ ಕುಡೀತಿದ್ದೆ. ಇದ ಆಟೋದಾಗ ಮಕ್ಕೊಂತಿದ್ದೆ. ಈಗ ಬಿಟ್ಟೀನಿ. ನಮ್ಮದೊಂದು ಸಭಿ ಐತಿ, ಬೋರ್ಡ್ ಇಲ್ಲ ಅಷ್ಟ. ಬರ್ತೀ ಏನು?’

‘ಸಾಕಪ್ಪ ಸಭಿ’ ಎಂದ ಮನೋಹರ್.

‘ಬ್ಯಾಡಾದ್ರ ಬ್ಯಾಡ. ಭಾನುವಾರ ಕಂಪ್ಲಿ ಬಸ್ಸು ಬರೂ ಹೊತ್ತಿಗೆ ಕಮಲಾಪುರದಾಗ ನಿಂತಿರ್ತೀನಿ. ಬಂದ್ರ ಕರ್ಕೊಂಡು ಹೋಗ್ತೀನಿ, ಬರದಿದ್ರ ಒಬ್ಬನ ಹೋಗ್ತೀನಿ.’

ಭಾನುವಾರ ಅವನು ನಿಂತಿದ್ದ. ಅಷ್ಟೇ ಮಾನ್ಯರೇ. ನಿಮ್ಮ ಇಡೀ ಇಲಾಖೆಯ ಕೈಲಿ ಆಗದ್ದನ್ನು ಅವನು ಮಾಡಿದ. ಬರುತ್ತೇನೆ ಎಂದ ಜಾಗಕ್ಕೆ ಬಂದ.

ಸಭೆ ನಡೆಯುವುದು ಆ ಕಡೆಯ ಒಂದು ಊರಿನಲ್ಲಿ, ನಾನು ಪಕೀರಮ್ಮ ಎಂದು ಕರೆಯುತ್ತಿರುವ ಹೆಣ್ಣುಮಗಳ ಖಾನಾವಳಿಯಲ್ಲಿ. ಭಾನುವಾರ ಬೆಳಿಗ್ಗೆ ಅಲ್ಲಿ ವ್ಯಾಪಾರವಿಲ್ಲ. ನಾನು ಹಿತ್ತಲಲ್ಲಿ ಅವರ ಜೊತೆ ಪುಂಡಿಪಲ್ಯೆ ಬಿಡಿಸುತ್ತಾ ಕುಳಿತೆ. ‘ಖಾನಾವಳಿ ಆದ್ರ ಚಲೋ ನೋಡ್ರಿ ಅಕ್ಕೋರೆ, ಯಾರರ ನೋಡಿದ್ರೂ ಉಣ್ಣಾಕ ಬಂದಾರ ಅಂತಾರ. ಯಾರ ಮರ್ಯಾದೀನೂ ಹೋಗಂಗಿಲ್ಲ’ ಎಂದರು ಪಕೀರಮ್ಮ. ಅವರ ಮಗ ಇಂಥದೊಂದು ಸಭೆ ಸಿಗುವ ಮೊದಲೇ ಕುಡಿದು ಸತ್ತವನು. ಒಳಗೆ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು, ಯಾರೋ ಅಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎಲ್ಲರೂ ಗೊಳ್ಳೆಂದು ನಕ್ಕರು. ನಾನು ಗಾಬರಿಯಾದೆ.

‘ಹೊಸಬ ಏನೋ ಅಂದ್ನಂತ ಕಾಣ್ತೈತಿ’ ಎಂದರು ಪಕೀರಮ್ಮ.

ಕಿವಿಗೊಟ್ಟು ಕೇಳಿದೆ. ಮನೋಹರ್ ಮಾತಾಡುತ್ತಿದ್ದ. ಚಿತ್ತವಾಡ್ಗಿಯ ಭವನದವನ ದನಿಯನ್ನು ಅನುಕರಿಸುತ್ತಿದ್ದ: ‘ಕುಡುಕರ ಮೀಟಿಂಗ್ ಏನ್ರಿ?’ ಒಳಗಿದ್ದವರಲ್ಲಿ ಅನೇಕರು ಅದೇ ಬಾಗಿಲಿಗೆ ಹೋಗಿ, ಅದೇ ಮಾತು ಕೇಳಿ ತಿರುಗಿ ಬಂದವರು. ಅದಕ್ಕೇ ಆ ನಗು. ಪುಂಡಿಪಲ್ಯೆಯ ಬುಟ್ಟಿಗೆ ಮುಖ ಹಾಕಿ ನಾನು ಅತ್ತೆ.

ಈ ಗುಂಪು ಇದೆ ಎನ್ನುವುದು ನಿಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಲ್ಲೇಶ ಹಲವು ಬಾರಿ ನಿಮ್ಮ ಕಚೇರಿಗೆ ಬಂದು, ‘ಸಾಹೇಬ್ರ, ಸುಳ್ಳು ವಿಳಾಸ ತೆಗೀರಿ, ನನ್ನ ಫೋನ್ ನಂಬರ್ ಹಾಕ್ರಿ, ಹಗಲಿರಲಿ ರಾತ್ರಿ ಇರಲಿ ನಾನು ಎತ್ತತೀನಿ’ ಎಂದು ಬೇಡಿಕೊಂಡ. ನೀವು ಸದಸ್ಯರ ಹೆಸರು, ಆಧಾರ್ ಪ್ರತಿ, ಗುಂಪಿನ ಭಾವಚಿತ್ರ ಕೇಳಿದಿರಿ. ಒಳಗೆ ಕುಂದ್ರುವವರ ಹೆಸರು ಹೊರಗೆ ಹೋಗುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ ಜನ ಅಲ್ಲಿ ಬಾಯಿ ಬಿಡುತ್ತಾರೆ ಎಂದು ಅವನು ವಿವರಿಸಿದ. ‘ಹೆಸರೇ ಇಲ್ಲದವರನ್ನು ನಾನು ವರದಿಯಲ್ಲಿ ಹೇಗೆ ತೋರಿಸಲಿ?’ ಎಂದಿರಿ ನೀವು. ಅಲ್ಲಿಗೆ ನಿಮ್ಮ ಕಾರ್ಯಕ್ರಮ ಯಾರ ಸಲುವಾಗಿ ಇದೆ ಎನ್ನುವುದು ಸ್ಪಷ್ಟವಾಯಿತು. ಅವನು ದನಿ ಏರಿಸಿದ, ನೀವು ಹೊರಗೆ ಹಾಕಿಸಿದಿರಿ. ಆ ದಿನದಿಂದ ಅವನ ಹೆಸರು ನಿಮಗೆ ನೆನಪಿದೆ.

ಇನ್ನು ಬಣ್ಣದ ಮಾತು. ಮನೋಹರ್ ಸಭೆಗೆ ಹೋಗಲು ಶುರುಮಾಡಿ ಕೆಲವು ತಿಂಗಳಾಗಿತ್ತು. ಒಂದು ಭಾನುವಾರ ನಾನು ಸಂಬಂಧಿಕರ ಮನೆಗೆಂದು ಚಿತ್ತವಾಡ್ಗಿಗೆ ಬಂದಿದ್ದೆ. ಆ ಭವನದ ಮುಂದೆ ಗಂಡ ಹೆಂಡತಿ ನಿಂತಿದ್ದರು, ಚೋರನೂರಿನ ಕಡೆಯವರು. ಬಾಗಿಲು ಮುಚ್ಚಿತ್ತು. ಗಂಡ ಸ್ನಾನ ಮಾಡಿ ಒಗೆದ ಅಂಗಿ ಹಾಕಿದ್ದ, ಕೈ ನಡುಗದಂತೆ ಕಂಕುಳಲ್ಲಿ ಒತ್ತಿ ಹಿಡಿದಿದ್ದ. ಹೆಂಡತಿ ನಿಮ್ಮ ಫಲಕವನ್ನು ಅಕ್ಷರ ಅಕ್ಷರ ಕೂಡಿಸಿ ಮತ್ತೆ ಮತ್ತೆ ಓದುತ್ತಿದ್ದಳು, ತಾನೇ ತಪ್ಪು ಓದಿದ್ದೇನೆ ಎಂಬಂತೆ. ಅವರನ್ನು ಆಟೋ ಹತ್ತಿಸಿಕೊಂಡು ಖಾನಾವಳಿಗೆ ಕರೆದೊಯ್ದೆ. ನಾನು ಆ ದಿನ ಅಲ್ಲಿಗೆ ಬಂದದ್ದು ಆಕಸ್ಮಿಕ. ಬರದ ಭಾನುವಾರಗಳಲ್ಲಿ ಎಷ್ಟು ಜನ ಆ ಬಾಗಿಲು ನೋಡಿ ತಿರುಗಿ ಹೋದರು? ಹೋದವರು ಎಲ್ಲಿಗೆ ಹೋದರು? ನಿಮ್ಮ ವರದಿಯಲ್ಲಿ ಅವರಿಗೆ ಒಂದು ಸಾಲು ಇದೆಯೇ? ಮರುವಾರ ನಾನು ಬಣ್ಣ ತಂದೆ.

ನೀವು ಯಲ್ಲೇಶನ ಮೇಲೆ ದೂರು ಕೊಟ್ಟಿರಿ. ಪೊಲೀಸರು ಆಟೋ ಸ್ಟ್ಯಾಂಡಿನಲ್ಲಿ ಎಲ್ಲರ ಮುಂದೆ ಅವನನ್ನು ಎಳೆದೊಯ್ದರು. ಕುಡಿತ ಪತ್ತೆಮಾಡುವ ಯಂತ್ರದೊಳಗೆ ಊದಿಸಿದರು, ಏನೂ ಬರಲಿಲ್ಲ. ಯಂತ್ರ ಕೆಟ್ಟಿರಬೇಕು ಎಂದು ಇನ್ನೊಂದು ತರಿಸಿ ಊದಿಸಿದರು, ಆಗಲೂ ಬರಲಿಲ್ಲ. ಸಂಜೆ ಬಿಟ್ಟರು, ಪ್ರಕರಣವನ್ನು ಬಿಡಲಿಲ್ಲ. ಪತ್ರಿಕೆಯಲ್ಲಿ ‘ಕುಡುಕ ಆಟೋ ಚಾಲಕ’ ಎಂದು ಬಂತು. ಅವನು ಪ್ರತಿದಿನ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದ. ಮರುದಿನ ಒಂದೊಂದೇ ಮನೆಯವರು, ‘ಇನ್ನ ಬರಬ್ಯಾಡಪ್ಪ’ ಎಂದರು. ಅವರನ್ನು ನಾನು ದೂರುವುದಿಲ್ಲ, ಪತ್ರಿಕೆ ಓದಿದ ಯಾವ ತಾಯಿಯಾದರೂ ಹಾಗೇ ಹೇಳುತ್ತಿದ್ದಳು. ಕುಡಿತ ಬಿಟ್ಟವನಿಗೆ ಊರು ನಂಬಿಕೆಯಿಂದ ತನ್ನ ಮಕ್ಕಳನ್ನು ಒಪ್ಪಿಸುವುದಕ್ಕಿಂತ ದೊಡ್ಡ ಪದವಿ ಯಾವುದಿದೆ? ಅದನ್ನು ಅವನು ವರ್ಷಗಳ ಕಾಲ ದುಡಿದು ಗಳಿಸಿದ್ದ. ನೀವು ಒಂದು ಹೇಳಿಕೆಯಲ್ಲಿ ಕಿತ್ತುಕೊಂಡಿರಿ.

ಠಾಣೆಯಿಂದ ಅವನು ನೇರ ಖಾನಾವಳಿಗೆ ಬಂದ. ಮನೋಹರ್ ಸುದ್ದಿ ಕೇಳಿ ಮಿಲ್ಲು ಬಿಟ್ಟು ಓಡಿ ಬಂದಿದ್ದ. ‘ಕುಡೀಬೇಕು ಅನಸ್ತೈತಿ ಏನೋ?’ ಎಂದು ಕೇಳಿದ.

‘ಭಾಳ’ ಎಂದ ಯಲ್ಲೇಶ. ‘ಕುಡೀದನ ಕುಡುಕ ಅನಿಸ್ಕೊಂಡೆ. ಕುಡಿದ್ರ ಏನು ಹೋತು ಅಂತೈತಿ ಮನಸು.’

ಮನೋಹರ್ ಅವನ ಪಕ್ಕ ಕುಳಿತು, ಮೂರು ಬೆರಳಿನ ಕೈಯಿಂದ ಅವನ ಕೈ ಹಿಡಿದುಕೊಂಡ. ಪಕೀರಮ್ಮ ಬಿಸಿ ರೊಟ್ಟಿ ತಂದಿಟ್ಟರು. ಯಲ್ಲೇಶ ಊಟ ಮಾಡಿದ. ಅವನು ಕುಡಿಯಲಿಲ್ಲ. ಇಂದಿಗೂ ಕುಡಿದಿಲ್ಲ. ನಿಮ್ಮ ಕೈಲಾದಷ್ಟು ಪ್ರಯತ್ನ ಮಾಡಿದಿರಿ, ಆಗಲಿಲ್ಲ.

ನನಗೆ ಬೇಕಾದದ್ದು ಇಷ್ಟು. ಯಲ್ಲೇಶನ ಮೇಲಿನ ದೂರನ್ನು ಹಿಂದಕ್ಕೆ ಪಡೆಯಿರಿ, ಅದೇ ದೂರನ್ನು ನನ್ನ ಮೇಲೆ ಕೊಡಿ. ನ್ಯಾಯಾಲಯದಲ್ಲಿ ನಾನು ತಪ್ಪನ್ನು ಅಲ್ಲಗಳೆಯುವುದಿಲ್ಲ. ಆದರೆ ಬಳಿಯುವ ಮೊದಲು ಅಲ್ಲಿ ಏನು ಬರೆದಿತ್ತು ಎಂದು ನ್ಯಾಯಾಧೀಶರು ಕೇಳುತ್ತಾರೆ. ಅದು ನಿಜವೇ ಎಂದೂ ಕೇಳುತ್ತಾರೆ. ಆ ಉತ್ತರವನ್ನು ನೀವು ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳುವುದನ್ನು ನಾನು ಕೇಳಬೇಕು. ಸಂಡೂರಿನದೂ ಸೇರಿ ಉಳಿದ ಫಲಕಗಳನ್ನು ಈ ತಿಂಗಳೊಳಗೆ ಇಳಿಸಿ. ಇಳಿಸದಿದ್ದರೆ ಅವೆಲ್ಲಕ್ಕೂ ನಾನು ಬಳಿಯುತ್ತೇನೆ, ಹಾಡಹಗಲೇ, ನಿಮಗೆ ಮೊದಲೇ ತಿಳಿಸಿ. ನೌಕರಿ ಹೋಗುತ್ತದೆ ಎಂದು ಹೆದರಿಸಲು ಈಗಾಗಲೇ ಇಬ್ಬರು ಬಂದು ಹೋಗಿದ್ದಾರೆ. ಹೋಗಲಿ.

ಇನ್ನೊಂದಿದೆ. ಪತ್ರಿಕೆಯ ಮೂಲೆಯಲ್ಲಿ ವಿಷಾದದ ಎರಡು ಸಾಲು ಹಾಕಿಸಿ ಮುಗಿಸಲು ನಾನು ಬಿಡುವುದಿಲ್ಲ. ಒಂದು ಬೆಳಿಗ್ಗೆ, ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ, ನೀವು ಜೀಪು ಬಿಟ್ಟು ಯಲ್ಲೇಶನ ಆಟೋ ಹತ್ತಬೇಕು. ಅವನು ಶಾಲೆಗೆ ಬಿಡುತ್ತಿದ್ದ ಮಕ್ಕಳ ಒಂದೊಂದು ಮನೆಯ ಮುಂದೆಯೂ ಇಳಿಯಬೇಕು. ಬಾಗಿಲು ತಟ್ಟಿ, ಕೈಮುಗಿದು, ನಿಮ್ಮ ಬಾಯಿಂದಲೇ ಹೇಳಬೇಕು: ‘ನಾನು ಸುಳ್ಳು ಹೇಳಿದೆ. ಈ ಮನುಷ್ಯ ಕುಡಿದಿರಲಿಲ್ಲ.’ ಕೆಲವರು ಬಾಗಿಲು ತೆರೆಯದಿರಬಹುದು, ಆಗ ಇನ್ನಷ್ಟು ಜೋರಾಗಿ ಹೇಳಬೇಕು, ಬೀದಿಗೆಲ್ಲ ಕೇಳುವಂತೆ. ನಾನು ಆಟೋದ ಹಿಂದಿನ ಸೀಟಿನಲ್ಲಿ ಕುಳಿತು ನೋಡುತ್ತಿರುತ್ತೇನೆ. ಅದರಿಂದ ನನಗೆ ತುಂಬಾ ಸಂತೋಷವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಯಲ್ಲೇಶನಿಗೆ ಸಂತೋಷವಾಗುವುದಿಲ್ಲ. ‘ಬ್ಯಾಡ್ರಿ ಅಕ್ಕೋರೆ, ಅವರನ್ನ ಅಷ್ಟು ಸಣ್ಣ ಮಾಡಬ್ಯಾಡ್ರಿ’ ಎಂದು ಅವನು ನಿನ್ನೆಯೂ ಹೇಳಿದ. ಅವನು ಹಾಗೆ ಹೇಳಬಲ್ಲ. ನಾನು ಹೇಳಲಾರೆ.

ಇಂತಿ,
ಸರ್ಕಾರಿ ಅಕ್ಷರವನ್ನು ನಂಬಬೇಕೆಂದು ಇಷ್ಟು ವರ್ಷ ಮಕ್ಕಳಿಗೆ ಕಲಿಸಿದ,
ಈಗ ಹಾಗೆ ಕಲಿಸಲು ನಾಲಿಗೆ ಬಾರದ,
ಗಂಗಾಂಬಿಕಾ
ಕನ್ನಡ ಶಿಕ್ಷಕಿ, ಕಂಪ್ಲಿ